ದಿನಚರಿಯ ಲೇಖನಿ ಯಾರ ಕೈಯಲ್ಲಿ?

1937ರ ಮೇ 12ರಂದು ಲಂಡನ್ನಿನಲ್ಲಿ ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ ನಡೆಯಿತು. ಆ ವೈಭವವನ್ನು ಬಣ್ಣಿಸುವುದಕ್ಕೆ ಪತ್ರಿಕೆಗಳಿದ್ದವು, ಬಾನುಲಿಯಿತ್ತು, ಅರಮನೆಯ ದಾಖಲೆಗಾರರಿದ್ದರು. ಆದರೆ ಅದೇ ದಿನ ಬ್ರಿಟನ್ನಿನ ಹಲವು ಊರುಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಬೇರೊಂದು ಕೆಲಸದಲ್ಲಿ ತೊಡಗಿದ್ದರು. ಬೆಳಿಗ್ಗೆ ಕಣ್ಣು ತೆರೆದ ಗಳಿಗೆಯಿಂದ ರಾತ್ರಿ ದೀಪ ಆರಿಸುವವರೆಗೆ ತಾವು ಮಾಡಿದ್ದು, ಕಂಡದ್ದು, ಕಿವಿಗೆ ಬಿದ್ದದ್ದು ಎಲ್ಲವನ್ನೂ ಅವರು ಕಾಗದದ ಮೇಲೆ ಇಳಿಸುತ್ತಿದ್ದರು. ಅವರಲ್ಲಿ ಗುಮಾಸ್ತರಿದ್ದರು, ಗೃಹಿಣಿಯರಿದ್ದರು, ಶಾಲಾಶಿಕ್ಷಕರೂ ವಿದ್ಯಾರ್ಥಿಗಳೂ ಇದ್ದರು. ದೊರೆಯ ಕಿರೀಟದ ಬಗೆಗೆ ಅವರು ಬರೆದದ್ದು ಕಡಿಮೆ. ಜನಜಂಗುಳಿಯ ಹಿಂದೆ ನಿಂತವರು ರಟ್ಟಿನ ಪೆರಿಸ್ಕೋಪು ಕೊಂಡು ಮೆರವಣಿಗೆ ನೋಡಲು ಹೆಣಗಿದ್ದು, ಮಳೆಗೆ ನೆನೆದದ್ದು, ಬಸ್ ನೌಕರರ ಮುಷ್ಕರದಿಂದಾಗಿ ನಡೆದೇ ಮನೆ ಸೇರಿದ್ದು ಇಂಥವು ಆ ಬರಹಗಳಲ್ಲಿ ಸೇರಿದವು. ಅದೇ ವರ್ಷ ಅವನ್ನೆಲ್ಲ ಆಯ್ದು ಜೋಡಿಸಿ ‘ಮೇ ದ ಟ್ವೆಲ್ಫ್ತ್’ ಎಂಬ ಗ್ರಂಥ ಹೊರಬಂದಿತು. ಅದನ್ನು ಹೊರತಂದ ಸಂಸ್ಥೆಯ ಹೆಸರು ‘ಮಾಸ್ ಅಬ್ಸರ್ವೇಶನ್’. ಆಗ ಅದಕ್ಕೆ ನಾಲ್ಕೈದು ತಿಂಗಳ ವಯಸ್ಸು.

ಸಮಾಜಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಈ ಸಂಸ್ಥೆಗೆ ಸಾಮಾನ್ಯವಾಗಿ ಕೆಲವೇ ಸಾಲುಗಳನ್ನು ಮೀಸಲಿಡುತ್ತಾರೆ. ಹವ್ಯಾಸಿಗಳ ಉತ್ಸಾಹ, ಕವಿಗಳ ಚಪಲ, ವೈಜ್ಞಾನಿಕ ಮಾದರಿಯ ಅರಿವಿಲ್ಲದ ಸಂಗ್ರಹ ಎಂಬುದು ಅದರ ಮೇಲಿನ ವಾಡಿಕೆಯ ತೀರ್ಪು. ಸಾಮಾನ್ಯರ ದೈನಂದಿನ ಬದುಕಿನ ಅಧ್ಯಯನವನ್ನು ಇಂಥ ಚರಿತ್ರೆಗಳು ವಿಧಾನಗಳ ಪ್ರಗತಿಯ ಕಥೆಯಾಗಿ ನಿರೂಪಿಸುತ್ತವೆ. ಮೊದಲು ಪತ್ರಕರ್ತನ ಕುತೂಹಲ, ಆಮೇಲೆ ಮನೆಮನೆ ಎಣಿಕೆ, ಆಮೇಲೆ ಸಂಖ್ಯಾಶಾಸ್ತ್ರದ ಮಾದರಿ, ಕೊನೆಗೆ ಗಣಕಯಂತ್ರ. ಈ ನಿರೂಪಣೆಯಲ್ಲಿ ಸುಳ್ಳಿಲ್ಲ. ಆದರೆ ಮುಖ್ಯವಾದ ಪ್ರಶ್ನೆಯೊಂದು ಅದರಲ್ಲಿ ಏಳುವುದೇ ಇಲ್ಲ. ಆ ಬದುಕನ್ನು ಬರೆದವರು ಯಾರು? ನೋಡಲು ಬಂದವರೋ, ಬದುಕಿದವರೋ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ ಚರಿತ್ರೆಯ ಗೆರೆಗಳು ಬೇರೆ ಜಾಗದಲ್ಲಿ ಬೀಳುತ್ತವೆ.

ಮೊದಲಿಗೆ ಹೆನ್ರಿ ಮೇಹ್ಯೂ. 1849ರಿಂದ ‘ಮಾರ್ನಿಂಗ್ ಕ್ರಾನಿಕಲ್’ ಪತ್ರಿಕೆಗೆ ಲಂಡನ್ನಿನ ಬಡವರ ಕುರಿತು ಆತ ಬರೆದ ಕಾಗದಗಳು ಮುಂದೆ ‘ಲಂಡನ್ ಲೇಬರ್ ಅಂಡ್ ದ ಲಂಡನ್ ಪೂರ್’ ಎಂಬ ಸಂಪುಟಗಳಾದವು. ಬೀದಿ ವ್ಯಾಪಾರಿಗಳು, ಕಸ ಆಯುವವರು, ಚರಂಡಿಯಲ್ಲಿ ಚೂರುಪಾರು ಹುಡುಕುವವರು ಇವರ ಮಾತನ್ನು ಅವರವರ ನುಡಿಯಲ್ಲೇ ಹಿಡಿಯಲು ಮೇಹ್ಯೂ ಯತ್ನಿಸಿದ. ಜಲಸೊಪ್ಪನ್ನು ಕಟ್ಟುಕಟ್ಟಾಗಿ ಮಾರುತ್ತಿದ್ದ ಎಂಟು ವರ್ಷದ ಹುಡುಗಿಯೊಬ್ಬಳ ಭೇಟಿ ಆ ಗ್ರಂಥದ ಪ್ರಸಿದ್ಧ ಭಾಗಗಳಲ್ಲಿ ಒಂದು. ಮಗುವಿನೊಡನೆ ಮಾತಾಡುವಂತೆ ಆಟಿಕೆ, ಆಟ, ಉದ್ಯಾನಗಳ ವಿಷಯ ಎತ್ತಿದ ಮೇಹ್ಯೂಗೆ ಆಕೆ ಅವುಗಳಿಂದ ತೀರ ದೂರದವಳೆಂದು ಗೊತ್ತಾಯಿತು. ಸೊಪ್ಪಿನ ಕೊಳ್ಳುವ ಬೆಲೆ ಎಷ್ಟು, ಮಾರುವ ಬೆಲೆ ಎಷ್ಟು, ಚಳಿಗಾಲದಲ್ಲಿ ವ್ಯಾಪಾರ ಹೇಗೆ ಇವು ಆಕೆಗೆ ತಿಳಿದಿದ್ದವು. ಪ್ರಶ್ನೆ ಕೇಳುವವನ ಕಲ್ಪನೆ ತಪ್ಪಾಗಿತ್ತು ಎಂಬುದನ್ನು ಮುಚ್ಚಿಡದೆ ಬರೆದದ್ದು ಮೇಹ್ಯೂನ ದೊಡ್ಡತನ. ನಂತರದ ವಿದ್ವಾಂಸರು ಹೆಚ್ಚು ಶಿಸ್ತಿನವರಾದರು. ಇಂಥ ಮುಜುಗರವನ್ನು ದಾಖಲಿಸುವ ಧೈರ್ಯ ಮಾತ್ರ ಅವರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಚಾರ್ಲ್ಸ್ ಬೂತನ ಲಂಡನ್ ಸಮೀಕ್ಷೆ 1886ರಲ್ಲಿ ಆರಂಭವಾಗಿ 1903ರ ಹೊತ್ತಿಗೆ ಹದಿನೇಳು ಸಂಪುಟಗಳಷ್ಟು ಬೆಳೆಯಿತು. ಲಂಡನ್ನಿನ ಜನರಲ್ಲಿ ಶೇಕಡಾ 30.7ರಷ್ಟು ಮಂದಿ ಬಡತನದಲ್ಲಿದ್ದಾರೆ ಎಂಬ ಅದರ ನಿರ್ಣಯ ಆ ಕಾಲದ ರಾಜಕಾರಣವನ್ನೇ ಅಲುಗಿಸಿತು. ಅದರ ಘನತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೂತನಿಗೆ ಮಾಹಿತಿ ಬಂದದ್ದು ಬಹುಮಟ್ಟಿಗೆ ಶಾಲಾಮಂಡಳಿಯ ಹಾಜರಿ ತನಿಖೆಗಾರರಿಂದ, ಬಡವರ ಬಾಯಿಂದಲ್ಲ. ಬೀದಿಗಳಿಗೆ ಬಣ್ಣ ಹಚ್ಚಿದ ಆತನ ನಕಾಶೆಯಲ್ಲಿ ಅತ್ಯಂತ ಕೆಳಗಿನವರಿಗೆ ಕಪ್ಪು ಬಣ್ಣ ಬಿದ್ದಿತು. ಅದರ ವಿವರಣೆಯಲ್ಲಿ ಆದಾಯದ ಮಾತಿನ ಜೊತೆಗೆ ದುರ್ನಡತೆಯ ಆರೋಪವೂ ಬೆರೆಯಿತು. ಸೀಬೋಮ್ ರೌನ್‌ಟ್ರೀ 1899ರಲ್ಲಿ ಯಾರ್ಕ್ ನಗರದಲ್ಲಿ ನಡೆಸಿ 1901ರಲ್ಲಿ ಪ್ರಕಟಿಸಿದ ಸಮೀಕ್ಷೆ ಇನ್ನಷ್ಟು ಬಿಗಿಯಾದದ್ದು. ಅದರ ಅಂಕಿ ಶೇಕಡಾ 27.84. ದೇಹದ ಕಸುವು ಉಳಿಸಿಕೊಳ್ಳಲು ಮಾತ್ರ ಸಾಲುವಷ್ಟು ಹಣ ಎಂಬ ಆತನ ಅಳತೆಗೋಲಿನಲ್ಲಿ ಪತ್ರಿಕೆಗೆ, ಅಂಚೆಚೀಟಿಗೆ, ಮಗುವಿನ ಗೊಂಬೆಗೆ ಕಾಸಿನ ಅವಕಾಶವೂ ಇರಲಿಲ್ಲ. ಆ ಅಳತೆಗೋಲು ಎಷ್ಟು ನಿರ್ದಯವಾದದ್ದೆಂಬುದು ರೌನ್‌ಟ್ರೀಗೂ ಗೊತ್ತಿತ್ತು. ಅದನ್ನು ಓದುಗರ ಮುಂದೆ ಬಿಡಿಸಿ ಹೇಳಿದವನೂ ಅವನೇ.

ಇವರೆಲ್ಲರ ನಡುವೆ ಒಂದು ಸಣ್ಣ ಪುಸ್ತಕ ವಿಶೇಷ ಗಮನಕ್ಕೆ ಅರ್ಹವಾದದ್ದು. 1909ರಿಂದ 1913ರವರೆಗೆ ಫೇಬಿಯನ್ ಮಹಿಳಾ ಗುಂಪಿನವರು ದಕ್ಷಿಣ ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ, ವಾರಕ್ಕೆ ಒಂದು ಪೌಂಡಿನ ಆಸುಪಾಸಿನಲ್ಲಿ ಸಂಸಾರ ತೂಗಿಸುತ್ತಿದ್ದ ಮನೆಗಳಿಗೆ ವಾರವಾರವೂ ಹೋಗಿ ಬಂದರು. ಅದರ ಫಲವಾಗಿ ಮಾಡ್ ಪೆಂಬರ್ ರೀವ್ಸ್ ಬರೆದ ‘ರೌಂಡ್ ಅಬೌಟ್ ಎ ಪೌಂಡ್ ಎ ವೀಕ್’ 1913ರಲ್ಲಿ ಪ್ರಕಟವಾಯಿತು. ಈ ಮಹಿಳೆಯರು ಎಣಿಕೆಗಾರರನ್ನು ಕಳಿಸಲಿಲ್ಲ. ಖರ್ಚಿನ ಲೆಕ್ಕವನ್ನು ಮನೆಯೊಡತಿಯರೇ ಬರೆದಿಡಲಿ ಎಂದರು. ಬರೆಯಲು ಬಾರದವರು ಗಂಡನಿಗೋ ಮಕ್ಕಳಿಗೋ ಹೇಳಿ ಬರೆಸಿದರು. ಅಂಕುಡೊಂಕು ಕಾಗುಣಿತದ ಆ ಚೀಟಿಗಳಲ್ಲಿ ರೊಟ್ಟಿ, ಆಲೂಗೆಡ್ಡೆ, ಕಲ್ಲಿದ್ದಲು, ಬಾಡಿಗೆ ಇವುಗಳ ಜೊತೆಗೆ ವಾರವಾರವೂ ತಪ್ಪದೆ ಬರುವ ಇನ್ನೊಂದು ಬಾಬತ್ತು ಶವಸಂಸ್ಕಾರದ ವಿಮೆ.

ಹೊಟ್ಟೆಗಿಲ್ಲದ ಮನೆಯಲ್ಲಿ ಹೆಣದ ಖರ್ಚಿಗೆ ಕಂತು ಕಟ್ಟುವುದು ಅವಿವೇಕವೆಂದು ಸುಧಾರಕರು ಅದುವರೆಗೆ ಬೋಧಿಸುತ್ತ ಬಂದಿದ್ದರು. ಲೆಕ್ಕದ ಚೀಟಿಗಳನ್ನು ಆ ಮನೆಯ ಒಳಗೇ ಕುಳಿತು ಓದಿದ ರೀವ್ಸ್ ಅವರಿಗೆ ಬೇರೆ ಅರ್ಥ ಕಂಡಿತು. ಶಿಶುಗಳು ಸಾಯುವುದು ಆ ಬೀದಿಗಳಲ್ಲಿ ಅಪರೂಪವಲ್ಲ. ವಿಮೆಯಿಲ್ಲದೆ ಮಗು ಸತ್ತರೆ ಒಂದೋ ಸಾಲ, ಇಲ್ಲವೇ ಅನಾಥಶವದಂತೆ ಊರಿನ ಖರ್ಚಿನಲ್ಲಿ ಮಣ್ಣು. ಆ ಅವಮಾನವನ್ನು ತಪ್ಪಿಸಿಕೊಳ್ಳಲು ತಾಯಿ ತನ್ನ ತುತ್ತಿನಿಂದ ಪೆನ್ನಿ ಕಳೆಯುತ್ತಿದ್ದಳು. ಹೊರಗಿನಿಂದ ಎಣಿಸಿದರೆ ದುಂದು. ಒಳಗಿನಿಂದ ಓದಿದರೆ ಮರ್ಯಾದೆ. ಅಂಕಿಗಳು ಎರಡು ಓದಿನಲ್ಲೂ ಅವೇ. ಬದಲಾದದ್ದು ಲೆಕ್ಕ ಬರೆದ ಕೈ ಮತ್ತು ಅದನ್ನು ಓದುವಾಗ ಪಕ್ಕದಲ್ಲಿ ಕುಳಿತವರು. ಬೂತನ ಹದಿನೇಳು ಸಂಪುಟಗಳನ್ನು ಪಠ್ಯವಾಗಿಟ್ಟು ರೀವ್ಸ್ ಅವರ ಕೃತಿಯನ್ನು ಅಡಿಟಿಪ್ಪಣಿಗೆ ತಳ್ಳುವ ಪಾಠಕ್ರಮಗಳು ಈ ವ್ಯತ್ಯಾಸವನ್ನು ಮರೆಸುತ್ತವೆ.

ಮಾಸ್ ಅಬ್ಸರ್ವೇಶನ್ ಹುಟ್ಟಿದ್ದು ಬೇರೊಂದು ಬಗೆಯ ಕಸಿವಿಸಿಯಿಂದ. 1936ರ ಡಿಸೆಂಬರಿನಲ್ಲಿ ಎಂಟನೆಯ ಎಡ್ವರ್ಡ್ ಸಿಂಹಾಸನ ತೊರೆದಾಗ, ಜನ ಏನನ್ನು ಯೋಚಿಸುತ್ತಿದ್ದಾರೆ ಎಂದು ಪತ್ರಿಕೆಗಳೂ ರಾಜಕಾರಣಿಗಳೂ ತಮತಮಗೆ ತೋಚಿದಂತೆ ಹೇಳುತ್ತಿದ್ದರು. ನಿಜವಾಗಿ ಯಾರಿಗೂ ಗೊತ್ತಿರಲಿಲ್ಲ. ಕವಿಯೂ ಪತ್ರಕರ್ತನೂ ಆಗಿದ್ದ ಚಾರ್ಲ್ಸ್ ಮ್ಯಾಜ್, ಚಲನಚಿತ್ರಕಾರನೂ ಚಿತ್ರಕಾರನೂ ಆಗಿದ್ದ ಹಂಫ್ರಿ ಜೆನ್ನಿಂಗ್ಸ್, ಪಕ್ಷಿವೀಕ್ಷಣೆಯಿಂದ ಮಾನವಶಾಸ್ತ್ರಕ್ಕೆ ಬಂದ ಟಾಮ್ ಹ್ಯಾರಿಸನ್ ಈ ಮೂವರು ಸಹಿ ಮಾಡಿದ ಪತ್ರವೊಂದು 1937ರ ಜನವರಿ 30ರ ‘ನ್ಯೂ ಸ್ಟೇಟ್ಸ್‌ಮನ್ ಅಂಡ್ ನೇಶನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ವಂತ ನಾಡಿನ ಜನರ ಮಾನವಶಾಸ್ತ್ರ ಬೇಕು ಎಂಬುದು ಅದರ ಬೇಡಿಕೆ. ಅಧ್ಯಯನ ಮಾಡಬೇಕಾದ ವಿಷಯಗಳ ಪಟ್ಟಿಯೊಂದನ್ನೂ ಅವರು ಕೊಟ್ಟಿದ್ದರು. ಯುದ್ಧಸ್ಮಾರಕದ ಮುಂದೆ ಜನ ನಡೆದುಕೊಳ್ಳುವ ಬಗೆ, ಕಾರು ಓಡಿಸುವವರ ಕೂಗಾಟ, ಸ್ನಾನದ ಮನೆಯ ನಡವಳಿಕೆ, ಗಡ್ಡ ಮತ್ತು ಹುಬ್ಬು, ಯೆಹೂದಿದ್ವೇಷ, ಪೋಲಿ ಹಾಸ್ಯದ ಹರಡುವಿಕೆ, ಶವಸಂಸ್ಕಾರ ನಡೆಸುವವರು, ಸೂಲಗಿತ್ತಿಯರ ಖಾಸಗಿ ಬದುಕು. ಪಟ್ಟಿಯನ್ನು ಕಂಡು ನಕ್ಕವರೇ ಹೆಚ್ಚು. ಯೆಹೂದಿದ್ವೇಷವನ್ನೂ ಹುಬ್ಬನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಉಡಾಫೆಯಲ್ಲ. ಯಾವುದು ಮುಖ್ಯ ಯಾವುದು ಕ್ಷುಲ್ಲಕ ಎಂಬುದನ್ನು ಮೊದಲೇ ತೀರ್ಮಾನಿಸಬಾರದೆಂಬ ನಿಲುವು. ಅತಿವಾಸ್ತವವಾದಿ ಕಲೆಯ ನೆರಳು ಅದರಲ್ಲಿದೆ ಎಂಬುದೂ ನಿಜ.

ಸಂಸ್ಥೆಯೊಳಗೆ ಆರಂಭದಿಂದಲೂ ಎರಡು ದಾರಿಗಳಿದ್ದವು. ಅವನ್ನು ಬೇರೆ ಬೇರೆಯಾಗಿ ನೋಡದೆ ಒಟ್ಟಾಗಿ ಹೊಗಳುವುದೂ ತೆಗಳುವುದೂ ಸಲ್ಲದು.

ಹ್ಯಾರಿಸನ್ನನ ದಾರಿ ಉತ್ತರ ಇಂಗ್ಲೆಂಡಿನ ಬೋಲ್ಟನ್ ಎಂಬ ಹತ್ತಿಗಿರಣಿಗಳ ಊರಿಗೆ ಹೋಯಿತು. ಇಂದು ವನುವಾಟು ಎನ್ನುವ ದ್ವೀಪಸಮೂಹದ ಮಲೆಕುಲಾ ದ್ವೀಪದಲ್ಲಿ ಕೆಲಕಾಲವಿದ್ದು, ಅಲ್ಲಿಯ ಜನರ ಬಗ್ಗೆ ‘ಸ್ಯಾವೇಜ್ ಸಿವಿಲೈಸೇಶನ್’ ಎಂಬ ಗ್ರಂಥ ಬರೆದು ಬಂದವನು ಈತ. ದೂರದ ದ್ವೀಪದವರನ್ನು ನೋಡುವ ಕಣ್ಣಿನಿಂದಲೇ ಇಂಗ್ಲಿಷರನ್ನೂ ನೋಡಬೇಕೆಂಬ ಈತನ ಮಾತಿನಲ್ಲಿ ಸಾಮ್ರಾಜ್ಯದ ಅಹಂಕಾರಕ್ಕೆ ಕೊಟ್ಟ ಪೆಟ್ಟಿದೆ. ಆಳುವವರ ನಾಡೂ ಅಧ್ಯಯನದ ವಸ್ತುವಾಗಬಹುದೆಂದು 1937ರಲ್ಲಿ ಹೇಳುವುದು ಸಣ್ಣ ಸಂಗತಿಯಲ್ಲ. ಆದರೆ ಬೋಲ್ಟನ್ನಿನಲ್ಲಿ ನಡೆದದ್ದೇನು? ವಿಶ್ವವಿದ್ಯಾಲಯದಲ್ಲಿ ಓದಿದ ಯುವಕರು ಕೂಲಿಕಾರರ ಮದ್ಯದಂಗಡಿಗಳಲ್ಲಿ ಕುಳಿತು, ಯಾರು ಎಷ್ಟು ಹೊತ್ತಿನಲ್ಲಿ ಒಂದು ಲೋಟ ಬಿಯರ್ ಮುಗಿಸುತ್ತಾರೆ ಎಂದು ಗಡಿಯಾರ ಹಿಡಿದು ಬರೆದುಕೊಂಡರು. ಹಂಫ್ರಿ ಸ್ಪೆಂಡರ್ ತನ್ನ ಕ್ಯಾಮೆರಾವನ್ನು ಕೋಟಿನಡಿ ಅಡಗಿಸಿಟ್ಟು ಜನರ ಚಿತ್ರ ತೆಗೆದ. ಊರಿಗೆ ‘ವರ್ಕ್‌ಟೌನ್’ ಎಂಬ ಮರೆಹೆಸರು. 1943ರಲ್ಲಿ ಬಂದ ‘ದ ಪಬ್ ಅಂಡ್ ದ ಪೀಪಲ್’ ಇಂದಿಗೂ ರಸವತ್ತಾದ ಓದು. ಸ್ಪೆಂಡರ್ ತೆಗೆದ ಛಾಯಾಚಿತ್ರಗಳು ಆ ಊರಿನ ಅಮೂಲ್ಯ ಆಸ್ತಿ. ಹಾಗಿದ್ದೂ ಅದು ಕದ್ದು ನೋಡಿದ್ದು ಎಂಬ ಮಾತು ಮಾತಾಗಿಯೇ ಉಳಿಯುತ್ತದೆ. ದ್ವೀಪದಿಂದ ಬಂದ ಕಣ್ಣು ಜಾಗ ಬದಲಿಸಿತು, ತನ್ನ ಎತ್ತರವನ್ನು ಬದಲಿಸಲಿಲ್ಲ.

ಮ್ಯಾಜ್ ಹಿಡಿದ ದಾರಿ ಬೇರೆ. ಪತ್ರಿಕೆಯ ಮೂಲಕ ಸ್ವಯಂಸೇವಕರನ್ನು ಕರೆದು, ಪ್ರತಿ ತಿಂಗಳ 12ನೆಯ ತಾರೀಕಿನ ತಮ್ಮ ದಿನವನ್ನು ತಾವೇ ಬರೆದು ಕಳಿಸಿರೆಂದು ಕೇಳುವುದು. ಮುಂದೆ ಪ್ರಶ್ನೆಗಳ ಪಟ್ಟಿಯನ್ನು ಕಳಿಸುವ ಪದ್ಧತಿಯೂ ಬಂದಿತು. 1939ರ ಆಗಸ್ಟಿನಲ್ಲಿ, ಯುದ್ಧ ಬಾಗಿಲಿಗೆ ಬಂದಾಗ, ದಿನಂಪ್ರತಿ ದಿನಚರಿ ಬರೆಯುವಂತೆ ಸಂಸ್ಥೆ ಕೋರಿತು. ಸುಮಾರು 480 ಮಂದಿ ಬರೆದರು. ಕೆಲವರು ಕೆಲವು ತಿಂಗಳು, ಕೆಲವರು ವರ್ಷಗಟ್ಟಲೆ.

ಅವರಲ್ಲೊಬ್ಬಳು ನೆಲ್ಲಾ ಲಾಸ್ಟ್. ಹಡಗು ಕಟ್ಟುವ ಊರಾದ ಬ್ಯಾರೋ-ಇನ್-ಫರ್ನೆಸ್‌ನ ಬಡಗಿಯೊಬ್ಬನ ಹೆಂಡತಿ, ಬೆಳೆದ ಇಬ್ಬರು ಗಂಡುಮಕ್ಕಳ ತಾಯಿ. ಕಸುಬು ಮತ್ತು ವಯಸ್ಸನ್ನು ನಮೂದಿಸಬೇಕೆಂಬ ನಿಯಮದಂತೆ ಆಕೆ ಬರೆದುಕೊಂಡದ್ದು ‘ಗೃಹಿಣಿ, 49’. ಯುದ್ಧಕಾಲದ ಪಡಿತರದಲ್ಲಿ ಅಡುಗೆ ಹೊಂದಿಸುವ ಉಪಾಯ, ಮಹಿಳಾ ಸ್ವಯಂಸೇವಾ ದಳದ ಕೆಲಸ, ಆಸ್ಪತ್ರೆಯ ಮಕ್ಕಳಿಗಾಗಿ ಚಿಂದಿಬಟ್ಟೆಯಲ್ಲಿ ಹೊಲಿದ ಗೊಂಬೆಗಳು, ಸೈನ್ಯಕ್ಕೆ ಹೋದ ಕಿರಿಮಗನ ಚಿಂತೆ, 1941ರ ವಸಂತದಲ್ಲಿ ಊರಿನ ಮೇಲೆ ಬಿದ್ದ ಬಾಂಬುಗಳು ಇವೆಲ್ಲ ಅಲ್ಲಿವೆ. ಇವುಗಳ ಸಂದಿಯಲ್ಲಿ ಇನ್ನೊಂದು ಕಥೆ ನಿಧಾನವಾಗಿ ಬೆಳೆಯುತ್ತದೆ. ಮೂವತ್ತು ವರ್ಷ ಗಂಡನ ಮೌನಕ್ಕೂ ಮುನಿಸಿಗೂ ಹೊಂದಿಕೊಂಡು ಬಾಳಿದ ಹೆಂಗಸೊಬ್ಬಳು, ಹೊರಗಿನ ಕೆಲಸದಲ್ಲಿ ತನ್ನ ಶಕ್ತಿಯನ್ನು ಕಂಡುಕೊಂಡು, ಹಿಂದಿನ ಬಾಳುವೆಯನ್ನು ಹೊಸ ಕಣ್ಣಿನಿಂದ ತೂಗಿ ನೋಡುತ್ತಾಳೆ. ಯುದ್ಧ ಮುಗಿದರೂ ಆಕೆ ಬರೆಯುವುದನ್ನು ನಿಲ್ಲಿಸಲಿಲ್ಲ. 1966ರವರೆಗೂ ಬರೆದಳು, ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷ ಪದಗಳಷ್ಟಾದೀತೆಂದು ಅಂದಾಜು. 1968ರಲ್ಲಿ ಆಕೆ ತೀರಿಕೊಂಡಳು. ಅದರ ಒಂದು ಆಯ್ದ ಭಾಗ ಪುಸ್ತಕವಾಗಿ ಬಂದದ್ದು 1981ರಲ್ಲಿ.

ಮಾದರಿಯ ತಕರಾರನ್ನು ಇಲ್ಲಿ ಎದುರಿಸಬೇಕು. ದಿನಚರಿ ಬರೆದವರಲ್ಲಿ ಮಧ್ಯಮವರ್ಗದವರು ಹೆಚ್ಚು, ಎಡಪಂಥದ ಒಲವುಳ್ಳವರು ಹೆಚ್ಚು, ಬರೆಯುವ ಚಟವುಳ್ಳವರಂತೂ ಎಲ್ಲರೂ. ಅವರಿಂದ ಬ್ರಿಟನ್ನಿನ ಶೇಕಡಾವಾರು ಲೆಕ್ಕ ತೆಗೆಯಲಾಗದು. ಈ ಆಕ್ಷೇಪ ಸರಿಯಾದದ್ದೇ. ಆದರೆ ಇದು ಬಾವಿಯ ನೀರನ್ನು ಮೊಳದಲ್ಲಿ ಅಳೆದು ರುಚಿಯ ಬಗ್ಗೆ ತೀರ್ಪು ಕೊಟ್ಟಂತೆ. ಎಷ್ಟು ಗೃಹಿಣಿಯರು ಗಂಡಂದಿರ ಬಗ್ಗೆ ಅತೃಪ್ತರು ಎಂಬುದನ್ನು ನೆಲ್ಲಾ ಲಾಸ್ಟ್ ಹೇಳಲಾರಳು. ಆ ಅತೃಪ್ತಿ ಒಬ್ಬಳಲ್ಲಿ ಹೇಗೆ ಹುಟ್ಟಿತು, ಯಾವ ಮಂಗಳವಾರ ಅದು ಮಾತಿನ ರೂಪ ಪಡೆಯಿತು, ಮಾರನೆಯ ದಿನ ಹೇಗೆ ಮತ್ತೆ ಅಡಗಿತು ಎಂಬುದನ್ನು ಯಾವ ಪ್ರಶ್ನಾವಳಿಯೂ ಹೇಳಲಾರದು. ಸಾಹಿತ್ಯದ ವಿದ್ಯಾರ್ಥಿಗೆ ಇದು ಅಪರಿಚಿತ ತರ್ಕವಲ್ಲ. ಕಾದಂಬರಿಯ ಒಂದು ಪಾತ್ರವನ್ನು ಅದು ಎಷ್ಟು ಜನರಿಗೆ ಪ್ರತಿನಿಧಿ ಎಂದು ಕೇಳಿ ಯಾರೂ ಓದುವುದಿಲ್ಲ. ಹಾಗೆಂದು ದಿನಚರಿ ಕಾದಂಬರಿಯಲ್ಲ. ಮುಂದೇನಾಗುವುದೆಂಬುದು ಬರೆಯುವಾಕೆಗೆ ಗೊತ್ತಿಲ್ಲ ಎಂಬುದೇ ಅದರ ಬಲ. 1940ರ ಬೇಸಗೆಯಲ್ಲಿ ಬರೆದ ಪುಟಕ್ಕೆ 1945 ತಿಳಿಯದು. ಆಮೇಲೆ ಬರೆದ ಎಲ್ಲ ನೆನಪುಗಳಿಗೂ ತಿಳಿದಿರುತ್ತದೆ.

ಮಾಸ್ ಅಬ್ಸರ್ವೇಶನ್ ಮೇಲಿನ ನಿಜವಾದ ಆಕ್ಷೇಪ ಮಾದರಿಯದಲ್ಲ, ಬಳಕೆಯದು. 1940ರಲ್ಲಿ ಬ್ರಿಟಿಷ್ ಸರಕಾರದ ಮಾಹಿತಿ ಸಚಿವಾಲಯ, ಜನರ ಮನೋಸ್ಥೈರ್ಯವನ್ನು ಅರಿಯುವುದಕ್ಕಾಗಿ ಈ ಸಂಸ್ಥೆಯ ವರದಿಗಳನ್ನು ಪಡೆಯತೊಡಗಿತು. ಹ್ಯಾರಿಸನ್ ಒಪ್ಪಿದ. ಇದು ಸ್ವದೇಶದ ಜನರ ಮೇಲಿನ ಬೇಹುಗಾರಿಕೆಯ ಹಾದಿ ಎಂದು ಬಗೆದ ಮ್ಯಾಜ್ ಸಂಸ್ಥೆಯಿಂದ ದೂರ ಸರಿದ. ಜೆನ್ನಿಂಗ್ಸ್ ಅದಕ್ಕೂ ಮೊದಲೇ ಹೊರನಡೆದಿದ್ದ. ನಾಜಿಗಳ ವಿರುದ್ಧದ ಯುದ್ಧದಲ್ಲಿ ಸರಕಾರಕ್ಕೆ ನೆರವಾದದ್ದನ್ನು ಅಪರಾಧವೆನ್ನಲಾಗದು. ಆದರೆ ಒಬ್ಬ ನೆರೆಹೊರೆಯವಳ ಪಿಸುಮಾತು ಸಚಿವಾಲಯದ ಮೇಜಿನ ಮೇಲೆ ‘ಮನೋಸ್ಥೈರ್ಯ ಕುಸಿತ’ ಎಂಬ ಶೀರ್ಷಿಕೆಯಡಿ ಸೇರಿದಾಗ ಅದರ ಸ್ವರೂಪ ಬದಲಾಗುತ್ತದೆ ಎಂಬ ಮ್ಯಾಜ್‌ನ ಅಳುಕು ಸುಳ್ಳಲ್ಲ. 1949ರಲ್ಲಿ ಸಂಸ್ಥೆ ಮಾರುಕಟ್ಟೆ ಸಮೀಕ್ಷೆಯ ಕಂಪನಿಯಾಯಿತು. ಜನ ಏನನ್ನು ಯೋಚಿಸುತ್ತಾರೆ ಎಂಬ ಪ್ರಶ್ನೆ ಜನ ಏನನ್ನು ಕೊಳ್ಳುತ್ತಾರೆ ಎಂಬುದಕ್ಕೆ ಇಳಿಯಲು ಹನ್ನೆರಡು ವರ್ಷ ಸಾಕಾಯಿತು.

ಕನ್ನಡ ನಾಡಿಗೂ ಈ ಬಗೆಯ ಕುತೂಹಲದ ಪರಿಚಯ ಹಳೆಯದು. ಟೀಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕನನ್ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ನೇಕಾರರ ಮಗ್ಗ, ಗಾಣಿಗರ ಗಾಣ, ರಾಗಿ ಬಿತ್ತನೆಯ ಕ್ರಮ, ಒಂದೊಂದು ಜಾತಿಯ ಮದುವೆಯ ಪದ್ಧತಿ ಇವುಗಳನ್ನೆಲ್ಲ ಬಿಡದೆ ಕೇಳಿ ಬರೆದುಕೊಂಡ. 1807ರಲ್ಲಿ ಪ್ರಕಟವಾದ ಅವನ ಮೂರು ಸಂಪುಟಗಳಿಲ್ಲದೆ ಆ ಕಾಲದ ಕರ್ನಾಟಕದ ಆರ್ಥಿಕ ಚರಿತ್ರೆಯನ್ನು ಬರೆಯುವುದು ಕಷ್ಟ. ಉತ್ತರ ಕೊಟ್ಟ ಗಾಣಿಗನಿಗೆ ಎದುರು ನಿಂತವನು ಹೊಸ ದೊರೆಗಳ ಕಡೆಯವನೆಂಬುದು ಚೆನ್ನಾಗಿ ಗೊತ್ತಿತ್ತು ಎಂಬುದನ್ನು ಮಾತ್ರ ಆ ಸಂಪುಟಗಳನ್ನು ಉದ್ಧರಿಸುವ ಪ್ರಬಂಧಗಳು ಎಷ್ಟೋ ವೇಳೆ ಮರೆಯುತ್ತವೆ. ಅದಕ್ಕೂ ಹಿಂದಿನ ಶಾಸನಗಳಲ್ಲಿ ಗಾಣಿಗರು ನಂದಾದೀಪಕ್ಕೆ ಎಣ್ಣೆ ಬಿಟ್ಟದ್ದು ಕಾಣುತ್ತದೆ, ಮಾಲೆಗಾರರು ಹೂವು ಒಪ್ಪಿಸಿದ್ದು ಕಾಣುತ್ತದೆ. ದಾನದ ಆ ಒಂದು ಗಳಿಗೆಯಿಂದಾಚೆ ಅವರ ದಿನ ಹೇಗೆ ಕಳೆಯಿತೆಂಬುದು ಕಲ್ಲಿಗೆ ಬೇಕಿರಲಿಲ್ಲ.

ಮಾಸ್ ಅಬ್ಸರ್ವೇಶನ್ನಿನ ಎರಡನೆಯ ಜನ್ಮಕ್ಕೂ ಕನ್ನಡಿಗರೊಬ್ಬರ ವಿದ್ವತ್ತಿನ ಪರಂಪರೆಗೂ ಒಂದು ಎಳೆಯ ನಂಟಿದೆ. ಸಂಸ್ಥೆಯ ಹಳೆಯ ಕಾಗದಪತ್ರಗಳು 1970ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯವನ್ನು ಸೇರಿದವು. 1975ರಲ್ಲಿ ಸಾರ್ವಜನಿಕರ ಅಧ್ಯಯನಕ್ಕೆ ತೆರೆದವು. 1981ರಲ್ಲಿ, ಸಾಮಾನ್ಯ ಜನ ಮತ್ತೆ ಬರೆಯುವ ಯೋಜನೆಗೆ ಅಲ್ಲಿ ಚಾಲನೆ ಕೊಟ್ಟವನು ಡೇವಿಡ್ ಪೊಕಾಕ್. ಈತ ಗುಜರಾತಿನ ಪಾಟೀದಾರರನ್ನು ಕುರಿತು ದೀರ್ಘಕಾಲ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ. ಆಕ್ಸ್‌ಫರ್ಡಿನಲ್ಲಿ ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಪೀಠವೊಂದು 1948ರಲ್ಲಿ ಆರಂಭವಾದಾಗ ಅದನ್ನು ಮೊದಲು ಅಲಂಕರಿಸಿದವರು ಮೈಸೂರಿನ ಎಂ. ಎನ್. ಶ್ರೀನಿವಾಸ್, ಅನಂತರ ಲೂಯಿ ದ್ಯುಮೋ, ಅವನ ಬಳಿಕ ಇದೇ ಪೊಕಾಕ್. ಭಾರತದ ಹಳ್ಳಿಗಳಲ್ಲಿ ಇತರರ ಬದುಕನ್ನು ನೋಡಿ ಬರೆದವನೊಬ್ಬ, ಕೊನೆಗೆ ತನ್ನ ನಾಡಿನವರ ಕೈಗೇ ಲೇಖನಿ ಕೊಟ್ಟ.

ಶ್ರೀನಿವಾಸರ ‘ದ ರಿಮೆಂಬರ್ಡ್ ವಿಲೇಜ್’ ಗ್ರಂಥದ ಹುಟ್ಟಿನ ಕಥೆ ಸಂಶೋಧಕರಿಗೆಲ್ಲ ಪರಿಚಿತ. 1948ರ ಬಹುಭಾಗವನ್ನು ಅವರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕಳೆದರು. ಗ್ರಂಥದಲ್ಲಿ ಅದಕ್ಕೆ ರಾಂಪುರವೆಂದು ಹೆಸರು. ವರ್ಷಗಳ ಕಾಲ ವಿಂಗಡಿಸಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲ್ 24ರಂದು, ಸ್ಟ್ಯಾನ್‌ಫರ್ಡಿನ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಸುಟ್ಟವು. ನೆನಪಿನಿಂದಲೇ ಬರೆಯಿರೆಂದು ಸಾಲ್ ಟ್ಯಾಕ್ಸ್ ಸೂಚಿಸಿದರು. 1976ರಲ್ಲಿ ಗ್ರಂಥ ಬಂತು. ಅಂಕಿಅಂಶ ಸುಟ್ಟು ಹೋದದ್ದರಿಂದಲೇ ಮನುಷ್ಯರು ಉಳಿದರು ಎಂಬ ಮೆಚ್ಚುಗೆ ಅಂದಿನಿಂದ ಕೇಳಿಬರುತ್ತಿದೆ. ಮೆಚ್ಚುಗೆ ನ್ಯಾಯವಾದದ್ದೇ. ಪಟೇಲನ ಗತ್ತು, ನೆರವಿಗೆಂದು ತಾನಾಗಿ ಬಂದು ಅಂಟಿಕೊಂಡ ಕುಳ್ಳೇಗೌಡನ ಚತುರತೆ ಇವು ಮರೆಯುವಂಥವಲ್ಲ. ಆದರೆ ಆ ಗ್ರಂಥದ ಹೆಚ್ಚಿನ ಬೆಲೆ ಬೇರೊಂದು ಕಡೆಯಲ್ಲಿದೆ. ತಾವು ತಂಗಿದ್ದು ಪಟೇಲನ ಎತ್ತಿನ ಮನೆಯಲ್ಲಿ, ತಾವು ಬ್ರಾಹ್ಮಣ, ತಮ್ಮ ಓಡಾಟ ಬಹುಪಾಲು ಮೇಲುಜಾತಿಯವರ ನಡುವೆ. ಆದ್ದರಿಂದ ಕಂಡ ಊರು ಮೇಲುಜಾತಿಯವರ ಕಣ್ಣಿನ ಊರು ಎಂದು ಶ್ರೀನಿವಾಸರೇ ಒಪ್ಪಿಕೊಂಡಿದ್ದಾರೆ. ಮೇಹ್ಯೂನ ಮುಜುಗರದ ಸಾಲಿಗೆ ಸೇರುವ ಮಾತಿದು.

ಒಪ್ಪಿಕೊಂಡ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ. ಕೇರಿಯ ದಿನಚರಿಯನ್ನು ಕೇರಿಯವರೇ ಬರೆಯಬೇಕಾಯಿತು, ಬರೆದರು ಕೂಡ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಇವನ್ನು ಕನ್ನಡ ವಿಭಾಗಗಳು ಆತ್ಮಕಥನವೆಂದು ಪಾಠ ಹೇಳುತ್ತವೆ. ‘ದ ರಿಮೆಂಬರ್ಡ್ ವಿಲೇಜ್’ ಸಮಾಜಶಾಸ್ತ್ರ ವಿಭಾಗದ ಕಪಾಟಿನಲ್ಲಿರುತ್ತದೆ. ಎರಡು ಕಪಾಟುಗಳ ನಡುವಿನ ಗೋಡೆಯಿಂದ ಲಾಭವಾದದ್ದು ಯಾರಿಗೂ ಇಲ್ಲ. ಮೂರೂ ನೆನಪಿನಿಂದ ಬರೆದ ಪುಸ್ತಕಗಳು. ಒಂದನ್ನು ಶಾಸ್ತ್ರವೆಂದೂ ಉಳಿದೆರಡನ್ನು ಸಾಹಿತ್ಯವೆಂದೂ ಕರೆಯುವುದಕ್ಕೆ ವಿಧಾನದ ಕಾರಣ ಕೊಡಲು ಹೊರಟವರಿಗೆ ಸ್ಟ್ಯಾನ್‌ಫರ್ಡಿನ ಬೆಂಕಿ ಅಡ್ಡ ಬರುತ್ತದೆ.

ಹೆಂಗಸರ ವಿಷಯದಲ್ಲಿ ಕನ್ನಡದ ಲೆಕ್ಕ ಇನ್ನಷ್ಟು ತೊಡಕಿನದು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಅದು ಕನ್ನಡ ಸಾಹಿತ್ಯದ ದಿಕ್ಕನ್ನೇ ತಿದ್ದಿತು. ಬೀಸುಕಲ್ಲಿನ ಮುಂದೆ ಹಾಡಿಕೊಂಡ ತವರಿನ ನೆನಪು, ಅತ್ತೆಮನೆಯ ದುಗುಡ, ಮಗುವಿನ ಹಂಬಲ ಇವು ಮೊದಲ ಬಾರಿಗೆ ಗೌರವದ ಅಚ್ಚನ್ನು ಕಂಡವು. ಆ ಸಂಗ್ರಾಹಕರ ಶ್ರದ್ಧೆಗೆ ಕನ್ನಡ ಎಂದಿಗೂ ಋಣಿ. ಆದರೂ ಹಾಡಿದವರೆಲ್ಲ ‘ಗರತಿ’ ಎಂಬ ಒಂದೇ ಹೆಸರಿನೊಳಗೆ ಕರಗಿಹೋದರು. ಬ್ಯಾರೋದ ಹೆಂಗಸೂ ‘ಗೃಹಿಣಿ’ ಎಂಬ ಪದದ ಹಿಂದೆಯೇ ನಿಂತಿದ್ದಳು. ಆಕೆಗೆ ಒಂದು ವಯಸ್ಸಿತ್ತು, ಒಂದು ಬೀದಿಯಿತ್ತು, ತಾರೀಕುಗಳಿದ್ದವು. ಹಾಡು ಎಲ್ಲರದಾಗುವುದು ಜನಪದದ ಗುಣ, ಅದನ್ನು ದೋಷವೆನ್ನಲಾಗದು. ದಿನದ ಬದುಕಿನ ದಾಖಲೆಯಾಗಿ ಅದನ್ನು ಬಳಸಲು ಹೊರಡುವ ಸಂಶೋಧಕರು ಮಾತ್ರ, ಯಾರ ದಿನ, ಯಾವ ದಿನ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಬರೆದಿಟ್ಟವರು ಕನ್ನಡದಲ್ಲಿಯೂ ಇದ್ದಾರೆ. ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯಲ್ಲಿ ಮನೆಯ ಹೆರಿಗೆ, ಮದುವೆ, ಸಾವುಗಳನ್ನು ನಮೂದಿಸಿದವರಿದ್ದಾರೆ. ಪಂಚಾಂಗದ ಅಂಚಿನಲ್ಲಿ ಮಳೆ ಬಿದ್ದ ದಿನವನ್ನೂ ಹಸು ಕರು ಹಾಕಿದ ದಿನವನ್ನೂ ಗುರುತು ಮಾಡಿದವರಿದ್ದಾರೆ. ಮುಂಬಯಿಗೆ ಹೋದ ಮಗನಿಗೆ ತಾಯಿ ನೆರೆಯ ಹುಡುಗನಿಂದ ಬರೆಸಿದ ಕಾಗದಗಳು ಪೆಟ್ಟಿಗೆಗಳಲ್ಲಿವೆ. ಹಳೆಯ ಮನೆ ಕೆಡವುವಾಗ ಓಲೆಗರಿಯ ಕಟ್ಟು ಸಿಕ್ಕರೆ ಅದನ್ನು ಎತ್ತಿಡಬೇಕೆಂಬ ತಿಳಿವಳಿಕೆ ಈಗ ಬಂದಿದೆ. ಹಸ್ತಪ್ರತಿ ವಿಭಾಗಗಳು ಅದನ್ನು ಬರಮಾಡಿಕೊಳ್ಳುತ್ತವೆ. ಪಕ್ಕದಲ್ಲೇ ಬಿದ್ದ ಲೆಕ್ಕದ ಪುಸ್ತಕ ಮಾತ್ರ ತೂಕದ ಮೇಲೆ ರದ್ದಿಗೆ ಹೋಗುತ್ತದೆ. ಲ್ಯಾಂಬೆತ್ತಿನ ತಾಯಂದಿರು ಬರೆಸಿದ ಚೀಟಿಗಳೂ ಹೀಗೆಯೇ ಕಾಣುವಂಥವು: ರೊಟ್ಟಿಗೆ ಇಷ್ಟು, ಕಲ್ಲಿದ್ದಲಿಗೆ ಇಷ್ಟು, ವಿಮೆಗೆ ಇಷ್ಟು.

ಸಸೆಕ್ಸಿನ ಸಂಗ್ರಹ 2013ರಿಂದ ಬ್ರೈಟನ್ ಹೊರವಲಯದ ‘ದ ಕೀಪ್’ ಎಂಬ ದಾಖಲಾಲಯದಲ್ಲಿದೆ. ಪ್ರತಿ ವರ್ಷ ಮೇ 12ರಂದು, ಆ ಒಂದು ದಿನದ ತಮ್ಮ ಬದುಕನ್ನು ಬರೆದು ಕಳಿಸಿರೆಂದು ಅದು ಈಗಲೂ ಸಾರ್ವಜನಿಕರನ್ನು ಕೋರುತ್ತದೆ. ಶಾಲಾಮಕ್ಕಳೂ ಬರೆಯುತ್ತಾರೆ, ಮುದುಕರೂ ಬರೆಯುತ್ತಾರೆ. ಕಾಗುಣಿತವನ್ನು ಯಾರೂ ತಿದ್ದುವುದಿಲ್ಲ.